ಮರೆಪ್ಪನ ಗೋಡೆಯ ಕೆಂಪು ಕಟ್ಟಡ

ಕಳೆದ ವಾರ ಶಹಾಪುರದ ಅಂಚೆ ಕಚೇರಿಯಲ್ಲಿ ಒಂದು ಪಾರ್ಸೆಲ್ ಕಳಿಸಲು ನಿಂತಿದ್ದೆ. ಈಗೆಲ್ಲ ಟೇಪು ಸುತ್ತಿ, ಸ್ಟಿಕ್ಕರ್ ಅಂಟಿಸಿ ಮುಗಿಸುತ್ತಾರೆ. ಅಂದು ಮಾತ್ರ ಒಳಗಿನ ಮೂಲೆಯಲ್ಲಿ ಯಾರೋ ಚೀಲದ ಬಾಯಿಗೆ ಅರಗು ಹಚ್ಚುತ್ತಿದ್ದರು. ಸುಟ್ಟ ಅರಗಿನ ಆ ವಾಸನೆ ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ದುಡಿಯದವರಿಗೆ ಹೇಳಿದರೂ ತಿಳಿಯುವುದಿಲ್ಲ. ನನಗಂತೂ ಅದು ಮೂಗಿಗೆ ಬಿದ್ದೊಡನೆ ಮರೆಪ್ಪ ನೆನಪಾದ. ಅವನ ಹಿಂದೆಯೇ ತೀರಿಸದ ಒಂದು ಸಾಲವೂ ನೆನಪಾಯಿತು. ಅದು ಹಳೆಯದು.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಒಂದು ಸಣ್ಣ ಕಚೇರಿಯಲ್ಲಿ ಆಗ ನಾನು ಗುಮಾಸ್ತ. ಮರೆಪ್ಪ ಅಲ್ಲಿ ದಿನಗೂಲಿಯ ಜವಾನ. ಟಪಾಲು ಅವನದೇ. ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು, ಲಕೋಟೆಯ ಮೇಲೆ ರುಪಾಯಿಯಗಲ ಹನಿಸಿ, ಹಿತ್ತಾಳೆಯ ಮೊಹರಿಗೆ ಒದ್ದೆ ಬಟ್ಟೆ ಒತ್ತಿ ಒಂದೇ ಏಟಿಗೆ ಇಳಿಸುತ್ತಿದ್ದ. ಅಕ್ಷರ ಒಂದೂ ಕಲಸಿಹೋಗುತ್ತಿರಲಿಲ್ಲ. ನಾನೊಮ್ಮೆ ಮಾಡಲು ಹೋಗಿ ಬೆರಳು ಸುಟ್ಟುಕೊಂಡು, ಎರಡು ದಿನ ಬರೆಯಲಾಗದೆಂದು ಕೂತಿದ್ದೆ. ಸಾಹೇಬರಿಗೆ ಅದರಿಂದ ಹೆಚ್ಚು ವ್ಯತ್ಯಾಸವೇನೂ ಕಾಣಲಿಲ್ಲವೆಂಬುದು ಬೇರೆ ಮಾತು.

ಆ ಲಕೋಟೆಗಳಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ನಮ್ಮ ಹಿರಿಯ ಕಚೇರಿಗೆ ಹೋಗುತ್ತಿದ್ದವು. ‘ಮ್ಯಾಲೆ ಹೋಗ್ಯಾದ’ ಎಂದರೆ ನಮ್ಮಲ್ಲಿ ಫೈಲು ಅಲ್ಲಿಗೆ ಹೋಗಿದೆ ಎಂದರ್ಥ. ಮರೆಪ್ಪನನ್ನು ಖಾಯಂ ಮಾಡಬೇಕೆಂಬ ಫೈಲೂ ಹಾಗೆಯೇ ಮೇಲೆ ಹೋಗಿ ಕೂತಿತ್ತು. ನಾನು ತರಬೇತಿಗೆಂದು ಬೆಂಗಳೂರಿಗೆ ಹೊರಟಾಗ ಅವನು ಮೇಜಿನ ಹತ್ತಿರ ಬಂದು ನಿಂತ.

“ಸಾಹೇಬ್ರ, ಹದಿನೆಂಟು ವರ್ಷ ಆತ್ರಿ ಆ ಆಫೀಸಿಗಿ ಲಕೋಟಿ ಕಳಸಾಕತ್ತು. ಹ್ಯಾಂಗ ಅದನೋ ಒಮ್ಮಿನೂ ನೋಡಿಲ್ಲ. ಈಗ ನನ್ನ ಫೈಲೂ ಅಲ್ಲೇ ಕುಂತದ. ಎಲ್ಲಿ ಕುಂತದಂತ ಕಣ್ಣೀಲೆ ನೋಡಿದ್ರ ಜೀವಕ್ಕ ಸಮಾಧಾನ. ಒಂದು ಫೋಟೋ ಹೊಡ್ಕೊಂಡು ಬರ್ರಿ.”

ನನ್ನ ಬಳಿ ಆಗ ಭಾವಮೈದುನನಿಂದ ಕಡ ತಂದ ಕ್ಯಾಮೆರಾ ಇತ್ತು. ಅದನ್ನು ಕೊರಳಿಗೆ ಹಾಕಿಕೊಂಡರೆ ನಡಿಗೆಯೇ ಬದಲಾಗುತ್ತಿತ್ತು. ಬೆಂಗಳೂರಿನಲ್ಲಿ ವಿಧಾನಸೌಧವನ್ನು ಎಡದಿಂದ, ಬಲದಿಂದ, ಕೂತು, ನಿಂತು ತೆಗೆದೆ. ರೋಲಿನಲ್ಲಿ ಐದಾರು ಚಿತ್ರ ಉಳಿದಾಗ ಮರೆಪ್ಪನ ಮಾತು ನೆನಪಾಗಿ ನಮ್ಮ ಹಿರಿಯ ಕಚೇರಿಯ ಮುಂದೆ ಹೋಗಿ ನಿಂತೆ. ಬೂದಿ ಬಣ್ಣದ ಚೌಕ ಕಟ್ಟಡ. ಕಿಟಕಿಗಳಲ್ಲಿ ಹಳೆಯ ಕಾಗದದ ಕಟ್ಟುಗಳು, ಒಂದರಲ್ಲಿ ಯಾರದೋ ಊಟದ ಡಬ್ಬಿ. ಕ್ಯಾಮೆರಾ ಎತ್ತಿದೆನೋ ಇಲ್ಲವೋ, “ಯಾರ್ರೀ ಅದು? ಪರ್ಮಿಷನ್ ಇದ್ಯಾ?” ಎಂದು ಕಾವಲಿನವನು ಕೂಗಿದ. ನಾನು ಜಾಗ ಖಾಲಿ ಮಾಡಿದೆ.

ಕಾವಲಿನವನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. ಆದರೆ ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಆ ಕಟ್ಟಡ ಚೆಂದವಿರಲಿಲ್ಲ. ನನ್ನೊಳಗಿನ ಕಲಾವಿದನಿಗೆ ಅದರ ಮೇಲೆ ಫಿಲ್ಮು ಖರ್ಚು ಮಾಡುವ ಮನಸ್ಸಿರಲಿಲ್ಲ. ಮುಂದೆ ಮರಗಳ ನಡುವೆ ಹೈಕೋರ್ಟಿನ ಕೆಂಪು ಕಟ್ಟಡ ಸಂಜೆ ಬಿಸಿಲಿಗೆ ನಿಂತಿತ್ತು. ಉಳಿದ ಚಿತ್ರಗಳೆಲ್ಲ ಅದಕ್ಕೇ ಹೋದವು.

ಊರಿಗೆ ಬಂದು ಫೋಟೋಗಳನ್ನು ಮೇಜಿನ ಮೇಲೆ ಹರಡಿದಾಗ ಮರೆಪ್ಪ ಆ ಕೆಂಪು ಕಟ್ಟಡವನ್ನೇ ಎತ್ತಿಕೊಂಡ.

“ಇದೇ ಏನ್ರಿ ನಮ್ಮ ಆಫೀಸು?”

ಅವನ ಮುಖ ನೋಡಿದೆ. “ಹೂಂ, ಇದೇ” ಅಂದುಬಿಟ್ಟೆ.

“ಯಪ್ಪೋ, ಅರಮನಿ ಇದ್ದಂಗ ಅದಲ್ರಿ! ಇಂಥಾದ್ರಾಗ ಕುಂತದಂದ್ರ ನನ್ನ ಫೈಲಿಗಿ ಏನು ಕಮ್ಮಿ ಬಿಡ್ರಿ.”

ಅದಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ, ಬುದ್ಧನ ಚಿತ್ರದ ಪಕ್ಕ, ತೂಗುಹಾಕಿದ. ಹೆಂಡತಿ ಭೀಮವ್ವ ಬೆಳಿಗ್ಗೆ ಬುದ್ಧನಿಗೆ ಊದಿನಕಡ್ಡಿ ಬೆಳಗುವಾಗ ಅದಕ್ಕೂ ಒಂದು ಸುತ್ತು ಬೆಳಗುತ್ತಾಳೆಂದು ಅವನೇ ಹೇಳಿದ. ನಾನು ನಕ್ಕೆ. ರಾಜರ ಕಾಲದಲ್ಲಿ ಆ ಕೆಂಪು ಕಟ್ಟಡದಲ್ಲಿ ಹದಿನೆಂಟು ಕಚೇರಿಗಳಿದ್ದವಂತೆ ಎಂದು ಯಾರಿಂದಲೋ ಕೇಳಿದ ಮೇಲಂತೂ, ಅವುಗಳಲ್ಲಿ ನಮ್ಮದೂ ಒಂದಿದ್ದಿರಬಹುದು, ನನ್ನ ಸುಳ್ಳು ಸುಳ್ಳಲ್ಲ, ಸ್ವಲ್ಪ ತಡವಾಗಿ ಬಂದ ಸತ್ಯ ಎಂದು ಸಮಾಧಾನ ಮಾಡಿಕೊಂಡೆ.

ಕೆಲವು ತಿಂಗಳ ಮೇಲೆ ಕಾಗದ ಬಂತು. ಖಾಯಂ ಆಗಬೇಕಾದವರು ಇಂಥ ದಿನ ಮಧ್ಯಾಹ್ನ ಒಂದರೊಳಗೆ ಮೂಲ ದಾಖಲೆಗಳೊಂದಿಗೆ ಹಿರಿಯ ಕಚೇರಿಗೆ ಖುದ್ದು ಹಾಜರಾಗಬೇಕು. ಅಂದೇ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ವಿಳಾಸವನ್ನು ದುಂಡಗೆ ಬರೆದು ಅವನ ಜೇಬಿಗಿಟ್ಟೆ. ವಿಳಾಸ ಸರಿಯಿದ್ದ ಮೇಲೆ ಫೋಟೋ ಏನಿದ್ದರೇನು? ಮರೆಪ್ಪ ಯಾದಗಿರಿಯಲ್ಲಿ ರೈಲು ಹತ್ತಿದ. ಕಟ್ಟಿನಿಂದ ಫೋಟೋ ಬಿಚ್ಚಿ ಜೊತೆಗೆ ಒಯ್ದದ್ದು ನನಗೆ ಗೊತ್ತಿರಲಿಲ್ಲ.

ತಿರುಗಿ ಬಂದವನು ಕಚೇರಿಯಲ್ಲಿ ಎಲ್ಲರೆದುರು ಹೇಳಿದ: “ಆಟೋದವ ಒಂದು ಬೂದಿ ಬಣ್ಣದ ಬಿಲ್ಡಿಂಗ್ ಮುಂದ ಇಳಿಸಿ, ಇದೇ ಅಂದ್ರಿ. ಫೋಟೋ ತೆಗದು ನೋಡಿದೆ. ಕಂಬ ಇಲ್ಲ, ಕೆಂಪಿಲ್ಲ. ಹಳ್ಳ್ಯಾವ ಅಂತ ಮೋಸ ಮಾಡಾಕತ್ತಾನ ಅಂತ ತಿಳದು, ಫೋಟೋ ತೋರಿಸಿ ಇಲ್ಲಿಗಿ ನಡಿ ಅಂದೆ.”

“ಬೋರ್ಡ್ ಇರಲಿಲ್ಲೇನು?” ಎಂದು ಕೇಳಿದೆ.

“ಇತ್ತ್ರಿ, ಓದಿದೆ. ಬೋರ್ಡ್ ಯಾರ್ ಬೇಕಾದ್ರೂ ಬರೀತಾರ್ರಿ. ಫೋಟೋ ನೀವು ಹೊಡದಿದ್ರಿ.”

ಕೆಂಪು ಕಟ್ಟಡದ ಗೇಟಿನಲ್ಲಿ ಕಾದು, ವಿಚಾರಿಸಿ, ಮತ್ತೆ ಬೂದಿ ಕಟ್ಟಡಕ್ಕೆ ಬರುವಷ್ಟರಲ್ಲಿ ಎರಡೂವರೆ. ಪಟ್ಟಿ ಮುಚ್ಚಿತ್ತು. ಮುಂದಿನ ಪಟ್ಟಿ ಬಂದು ಅವನು ಖಾಯಂ ಆದದ್ದು ಮೂರು ವರ್ಷಕ್ಕೆ. “ಸಾಹೇಬ್ರದೇನು ತಪ್ಪಿಲ್ರಿ,” ಎಂದು ಮರೆಪ್ಪ ಎಲ್ಲರಿಗೂ ತಿಳಿಹೇಳಿದ. “ಅವ್ರು ಫೋಟೋ ಹೊಡದಾಗ ಆಫೀಸು ಕೆಂಪು ಬಿಲ್ಡಿಂಗಿನ್ಯಾಗೇ ಇತ್ತು. ಈಗ ಜಾಗಾ ಬದಲಿ ಮಾಡ್ಯಾರ.” ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಅಂದು ಹಾಗೆ ತಲೆಯಾಡಿಸಿದ್ದು ಇದೆಯಲ್ಲ, ಅದೇ ನಾನು ತೀರಿಸದ ಸಾಲ. ಇಬ್ಬರೂ ನಿವೃತ್ತರಾಗಿ ವರ್ಷಗಳಾದವು. ಅಂಚೆ ಕಚೇರಿಯಿಂದ ಮನೆಗೆ ಬಂದರೂ ಅರಗಿನ ವಾಸನೆ ಮೂಗು ಬಿಡಲಿಲ್ಲ. ಮರುದಿನ ಮರೆಪ್ಪನನ್ನು ಕಾಣಲು ಸುರಪುರದ ಬಸ್ಸು ಹತ್ತಿದೆ.

ಮರೆಪ್ಪ ಮನೆಯಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಕೆಂಪು ಕಟ್ಟಡ ಬಣ್ಣಗೆಟ್ಟು ಕಿತ್ತಳೆಯಾಗಿದ್ದರೂ ಗೋಡೆಯ ಮೇಲೆ ಇನ್ನೂ ಇತ್ತು. ಹೆಚ್ಚು ಸುತ್ತುಬಳಸದೆ ಎಲ್ಲ ಹೇಳಿದೆ. ಅವನು ಬಾಯಿತುಂಬ ನಕ್ಕ.

“ಗೊತ್ತದ್ರಿ. ಅವತ್ತೇ ಗೇಟಿನ್ಯಾಗಿನ ಪೊಲೀಸಪ್ಪ ಹೇಳಿದ್ದ, ನಾ ಹುಟ್ಟೂಕಿಂತ ಮೊದಲಿಂದ ಇದು ಕೋರ್ಟೇ ಅಂತ.”

“ಹಂಗಾದ್ರ ಜಾಗಾ ಬದಲಿ ಮಾಡ್ಯಾರ ಅಂತ ಯಾಕ ಹೇಳಿದಿ?”

“ಎಲ್ಲಾರ ಮುಂದ ನಿಮ್ಮ ಮಾರಿ ನೋಡಿದ್ನಿರಿ. ಮತ್ತೇನು ಹೇಳ್ಲಿ?” ಆಮೇಲೆ ದನಿ ತಗ್ಗಿಸಿದ. “ಹೋಗ್ಲಿ ಬಿಡ್ರಿ, ಮಾಫ್ ಅದ. ನಮ್ಮಾಕಿ ಮುಂದ ಮಾತ್ರ ಹೇಳಬ್ಯಾಡ್ರಿ.”

ನನಗೆ ಕಣ್ಣು ತುಂಬಿ ಬಂತು. ಎದೆ ಹಗುರವೂ ಆಯಿತು. ಬಸ್ಸಿನ ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಇಷ್ಟು ಸಲೀಸಾಗಿ ಖರ್ಚಾದವಲ್ಲ ಎನಿಸಿತು. ತಲೆ ಎತ್ತಿದರೆ ಭೀಮವ್ವ ಚಹಾದ ಕಪ್ಪು ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು.

“ಹಂಗಾರ ನಾ ಇಷ್ಟು ವರ್ಷ ಕೋರ್ಟಿಗಿ ಊದಿನಕಡ್ಡಿ ಹಚ್ಚೀನೇನ್ರಿ?” ಅಂದಳು.

ಮರೆಪ್ಪ ನಕ್ಕ, ನಾನೂ ನಕ್ಕೆ. ಆಕೆ ನಗಲಿಲ್ಲ.

“ಇವ್ರು ಮಾಫ್ ಮಾಡ್ಯಾರ, ಮಾಡ್ಲಿ. ಇವ್ರೇನು, ಆಫೀಸಿನ್ಯಾಗ ನೆಳ್ಳಾಗ ಕುಂತಿದ್ರು. ಆ ಮೂರು ವರ್ಷ ಹತ್ತಿ ಬಿಡಸಾಕ ಹೋದಾಕಿ ನಾ. ಇವ್ರ ದಿನಗೂಲಿಗಿ ನಾ ಒಬ್ಬಾಕಿ ದುಡಿದು ಕೂಡಿಸಿದ್ರೂ ಸಾಲ್ದಾಗಿತ್ತು. ಹಿರೇ ಮಗಳನ್ನ ಏಳನೇ ಕ್ಲಾಸಿಗೇ ಸಾಲಿ ಬಿಡಿಸಿ ಜೋಡಿ ಕರ್ಕೊಂಡು ಹೋದೆ. ಇವ್ರು ಖಾಯಂ ಆಗಿದ್ರ ಬಿಡಸ್ತಿದ್ದಿಲ್ರಿ.”

ಮರೆಪ್ಪ ಹೊರಸಿನ ಹಗ್ಗ ನೋಡುತ್ತ ಕೂತ. ಇಷ್ಟು ವರ್ಷ ಮನಸ್ಸಿನಲ್ಲೇ ಎಷ್ಟು ಬಗೆಯ ಕ್ಷಮಾಪಣೆ ಬರೆದಿದ್ದೆ. ಗುಮಾಸ್ತನಲ್ಲವೇ, ಕರಡು ತಯಾರಿಸುವುದು ರೂಢಿ. ಎಲ್ಲವೂ ಮರೆಪ್ಪನ ಹೆಸರಿಗೇ ಇದ್ದವು. ಆಕೆಗೆಂದು ಒಂದು ಸಾಲೂ ಇರಲಿಲ್ಲ. “ತಪ್ಪಾತವ್ವ” ಎಂದೆ. ಅಷ್ಟೇ ಬಂತು.

“ಚಾ ಆರತದ, ಕುಡೀರಿ” ಎಂದು ಕಪ್ಪು ಕೈಗಿಟ್ಟು ಆಕೆ ಒಳಗೆ ಹೋದಳು.

ಹೊರಡುವಾಗ ಮರೆಪ್ಪ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ದಾರಿಯಲ್ಲಿ ಹಿರಿಯ ಮಗಳ ಬಗ್ಗೆ ಕೇಳಿದೆ. ಕೊಡೇಕಲ್ಲಿಗೆ ಕೊಟ್ಟಿದ್ದಾರಂತೆ, ಅಲ್ಲಿಯೂ ಕೂಲಿಗೇ ಹೋಗುತ್ತಾಳಂತೆ. ಬರುವ ಭಾನುವಾರ ಹೋಗಬೇಕೆಂದಿದ್ದೇನೆ. ಹೋಗಿ ಏನು ಹೇಳಬೇಕೋ ಇನ್ನೂ ತಿಳಿದಿಲ್ಲ. ಆಕೆಯ ಹೆಸರು ಮಲ್ಲಮ್ಮ. ಅವಳ ಅಪ್ಪನ ಜೊತೆ ಒಂದೇ ಕಚೇರಿಯಲ್ಲಿ ಅಷ್ಟು ವರ್ಷ ಕೂತಿದ್ದೆ. ಆ ಹೆಸರನ್ನು ಕೇಳಿ ತಿಳಿದುಕೊಂಡದ್ದು ಮೊನ್ನೆ, ಆ ಬಸ್ ಸ್ಟ್ಯಾಂಡಿನಲ್ಲಿ.