ಉರಿ ನಿಲ್ಲಿಸಿದ ಅಕ್ಕ

ದುದ್ದದ ಹತ್ತಿರದ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಅಕ್ಕ ಹೊಗೆಯ ಬಣ್ಣ ನೋಡಿಯೇ ಉರಿಯ ಹದ ಹೇಳುತ್ತಿದ್ದರು. ಯಾರಾದರೂ ಹಳೆ ಟೈರು, ಪ್ಲಾಸ್ಟಿಕ್ಕು ತಂದರೆ ಮೂಗು ಅರಳಿಸಿ ಒಂದೇ ಪ್ರಶ್ನೆ ಕೇಳುವರು: "ಇದ್ರಲ್ಲಿ ಕಾಯ್ಸಿದ್ ಬೆಲ್ಲ ನೀನ್ ತಿಂದೀಯೇನ್ಲಾ?"

ಕೆಟ್ಟ ಚಾರ್ಜರುಗಳ ವೈರು ಸುಟ್ಟು, ತಾಮ್ರವನ್ನು ಗುಜರಿಗೆ ಹಾಕುವ ಆಸೆ ಕಾಲೇಜು ಹುಡುಗರಾದ ನಮಗೆ. ಒಂದು ಮಧ್ಯಾಹ್ನ ಅಕ್ಕ ನೀರು ಕುಡಿಯಲು ಎದ್ದಾಗ ಒಂದು ಕಟ್ಟು ವೈರನ್ನು ಒಲೆಗೆಸೆದೆವು. ಕಪ್ಪು ಹೊಗೆ ಎದ್ದಿತು. ಓಡಿ ಬಂದ ಅಕ್ಕ ಒಲೆಗೆ ಬೆನ್ನು ಕೊಟ್ಟು ಕುಳಿತೇಬಿಟ್ಟರು. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಉರಿ ತಗ್ಗಿದರೆ ಪಾಕ ಕೆಡುತ್ತದೆ.

"ಉರಿ ಆಕಮ್ಮೀ!" ಎಂದು ಆಲೆಮನೆಯ ಯಜಮಾನ ಕೂಗಿದ.

"ಆಕಾಕಿಲ್ಲ. ಈ ಐಕ್ಳು ಅದುನ್ನ ಈಚೆಗೆ ತಗಿಯೋಗಂಟ ಒಂದ್ ಸಿಪ್ಪೆನೂ ಆಕಾಕಿಲ್ಲ."

ನಾವು ಬೆವರುತ್ತ ಕೋಲಿನಿಂದ ಎಳೆದು ತೆಗೆದೆವು. ಅಕ್ಕ ಮತ್ತೆ ಸಿಪ್ಪೆ ತಳ್ಳಿದರು. ಆ ಸುಟ್ಟ ಮುದ್ದೆ ಆರಿದ ಮೇಲೆ ಅವರೇ ಅದನ್ನು ಚೀಲಕ್ಕೆ ತುಂಬಿ ನನ್ನ ಕೈಗಿಟ್ಟರು. "ಓದೋನಲ್ವೇನ್ಲಾ? ಎಲ್ಲಿಗಾಕ್ಬೇಕು ಅಂತ ನೀನೇ ತಿಳ್ಕೊ."

ನಮ್ಮ ಕಾಲೇಜಿನ ಬಾಗಿಲಲ್ಲಿ ಇ-ತ್ಯಾಜ್ಯದ ಡಬ್ಬವೊಂದು ವರ್ಷದಿಂದ ನಿಂತಿತ್ತು. ಅದರ ಮೇಲಿನ ಬರಹ ನನಗೆ ಬಾಯಿಪಾಠವಾಗಿತ್ತು. ಮರುದಿನ ಆ ಚೀಲ ಹಿಡಿದು ಮೊದಲ ಸಲ ಅದರ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ.