ದೂಕನ ಮೇಲೆ ಸೂಲಗಿತ್ತಿ

ಮಲ್ಲಂದೂರಿನ ಮೇಲ್ಗಡೆ ಬೆಟ್ಟದಹಕ್ಕಲು ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಸೂಲಗಿತ್ತಿಯಾಗಿದ್ದ ದೇವೀರಮ್ಮನಿಗೆ ೧೯೩೪ರ ಮಳೆಗಾಲದಲ್ಲಿ ಮಂಡಿ ಹಿಡಿದುಕೊಂಡಿತು. ಕೂಲಿಯಾಳುಗಳ ಮನೆಸಾಲುಗಳಾದ ಲೈನುಗಳು ಮೂರು ಗುಡ್ಡಗಳ ಮೇಲೆ ಹಂಚಿಹೋಗಿದ್ದವು. ಮೇಲಿನ ಲೈನಿಗೆ ನಡೆದು ಹೋಗುವುದೆಂದರೆ ಎರಡು ಗಂಟೆಯ ಏರು. ಆ ವರ್ಷ ಎರಡು ಹೆರಿಗೆಗಳಿಗೆ ಅವಳು ತಡವಾಗಿ ತಲುಪಿದಳು. ಒಂದು ಮಗು ಉಳಿಯಿತು, ಇನ್ನೊಂದು ಉಳಿಯಲಿಲ್ಲ.

ಕಾಫಿ ಕೊಯ್ಲು ಶುರುವಾದಾಗ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಪರಮೇಶ್ವರಯ್ಯ ಅವಳನ್ನು ಕರೆಸಿದರು. "ದೇವೀರಮ್ಮ, ನೀನಿನ್ನು ಕಣದಲ್ಲಿ ಕಾಫಿ ಆರಿಸ್ಕೊಂಡು ಕೂತಿರು. ಹೆರಿಗೆಗೆ ಬೇರೆ ಯಾರನ್ನಾದ್ರೂ ನೋಡಣ."

"ಬೇರೆ ಯಾರಿದಾರೆ ಅಯ್ಯ? ಲಾಯದಲ್ಲಿ ಆ ಕುದುರೆ ಸುಮ್ನೆ ಹುಲ್ಲು ತಿಂತಾ ನಿಂತದಲ್ಲ, ಅದನ್ನ ಕೊಡಿ."

ರೈಟರು ನಕ್ಕುಬಿಟ್ಟರು. ಎಸ್ಟೇಟಿನ ಇಂಗ್ಲಿಷ್ ದೊರೆ ಆ ಗಿಡ್ಡ ಕುದುರೆಗೆ ಇಟ್ಟ ಹೆಸರು ಡ್ಯೂಕ್. ಲೈನಿನವರ ಬಾಯಲ್ಲಿ ಅದು ದೂಕ. ಹತ್ತಿದವರನ್ನೆಲ್ಲ ದೂಕಿ ಕೆಡವುವ ಪ್ರಾಣಿಗೆ ಆ ಹೆಸರೇ ಸರಿಯಾಗಿತ್ತು. ದೊರೆಯೇ ಎರಡು ಸಲ ಬಿದ್ದು, ಆಮೇಲೆ ಮೋಟಾರು ಕೊಂಡಿದ್ದ.

"ಆಗ್ಲಿ. ಕಣದಿಂದ ಮೇಲಿನ ಲೈನಿಗೆ ಬೀಳದೆ ಹೋಗಿ ಬಾ, ಕುದುರೆ ನಿನ್ನ ಕೆಲಸಕ್ಕೆ. ಬಿದ್ರೆ ಮಾತ್ರ ಕಾಫಿ ಆರಿಸೋದೇ."

ಲಾಯ ನೋಡಿಕೊಳ್ಳುತ್ತಿದ್ದ ಭೂತಯ್ಯ ಸಲೀಸಾದ ಉಪಾಯ ಹೇಳಿದ. "ಅಕ್ಕ, ಅಕ್ಕಿಮೂಟೆ ಕಟ್ಟೋ ಹಂಗೆ ನಿನ್ನನ್ನ ಜೀನಿಗೆ ಬಿಗೀತೀನಿ. ಎಲ್ಲಿಗೆ ಬೀಳ್ತೀಯ?"

ಲಾಯದ ಅಂಗಳದಲ್ಲಿ ಹಾಗೆಯೇ ಬಿಗಿದ. ದೂಕ ಬೆನ್ನನ್ನು ಬಿಲ್ಲು ಮಾಡಿ ಹಿಂಗಾಲು ಎಗರಿಸಿದ, ಜೀನು ತಿರುಗಿತು, ದೇವೀರಮ್ಮ ಅದರ ಜೊತೆಗೇ ಹೊಟ್ಟೆಯಡಿಗೆ ಜೋತಾಡಿದಳು. ಭೂತಯ್ಯ ಓಡಿಬಂದು ಕತ್ತಿಯಿಂದ ಹಗ್ಗ ಕುಯ್ಯಬೇಕಾಯಿತು.

"ಮೂಟೆಗೆ ತಲೆ ಇಲ್ಲ ಮಾರಾಯ, ನನಗದೆ," ಎಂದು ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ ಎದ್ದಳು.

ಆಮೇಲೆ ಒಂದು ವಾರ ಅವಳು ಕುದುರೆ ಹತ್ತಲಿಲ್ಲ, ನೋಡಿದಳು. ಭೂತಯ್ಯ ಅದನ್ನು ಬರೀ ಜೀನು ಹಾಕಿ ಇಳಿಜಾರಿನಲ್ಲಿ ನಡೆಸಿದರೆ ಜೀನು ಮುಂದಕ್ಕೆ ಜಾರಿ ಹೆಗಲಿಗೆ ಒತ್ತುತ್ತಿತ್ತು, ಒತ್ತಿದ ಕೂಡಲೇ ದೂಕ ಎಗರುತ್ತಿದ್ದ. ಜೀನಿನ ಹಿಂದಿನಿಂದ ಬಾಲದ ಬುಡದ ಸುತ್ತ ಒಂದು ಪಟ್ಟಿ ಹಾಕಿಸಿ, ಉಜ್ಜದಂತೆ ಅದಕ್ಕೆ ಕಂಬಳಿ ಸುತ್ತಿಸಿದಳು. ಜೀನು ಜಾರುವುದು ನಿಂತಿತು. ಎಗರುವ ಮುಂಚೆ ಅದು ತಲೆಯನ್ನು ಮುಂಗಾಲುಗಳ ನಡುವೆ ತೂರಿಸುತ್ತಿತ್ತು. ತಲೆ ಅಷ್ಟು ತಗ್ಗದಂತೆ ಲಗಾಮಿನಿಂದ ಜೀನಿಗೆ ಒಂದು ಗಟ್ಟಿ ಹುರಿ ಕಟ್ಟಿಸಿದಳು. ಉಳಿದದ್ದು ಅವಳದೇ ದೇಹ. ಕಟ್ಟಿದರೆ ಜೋತಾಟ, ಕಟ್ಟದಿದ್ದರೆ ನೆಲ.

ಅದಕ್ಕೆ ಉತ್ತರ ಸಿಕ್ಕಿದ್ದು ಕಾಫಿಹಣ್ಣು ಕುಯ್ಯುವ ತಂಗಿ ಗಿಡ್ಡಮ್ಮನ ಸೊಂಟದಲ್ಲಿ. ಕಡಿದಾದ ಇಳುಕಲಿನಲ್ಲಿ ಬುಟ್ಟಿ ಕಟ್ಟಿಕೊಳ್ಳುವ ಹೆಂಗಸರು ಗಂಟು ಹಾಕುವುದಿಲ್ಲ. ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ತಂದು ತುದಿಯನ್ನು ಅದರಡಿ ಸಿಕ್ಕಿಸುತ್ತಾರೆ. ಕಾಲು ಜಾರಿದಾಗ ಆ ತುದಿಯನ್ನು ಹೊರಗೆಳೆದರೆ ಸಾಕು, ಬುಟ್ಟಿ ಬೇರೆ, ಹೆಂಗಸು ಬೇರೆ. ದೇವೀರಮ್ಮ ಹುಡುಗಿಯಾಗಿದ್ದಾಗ ಹತ್ತು ವರ್ಷ ಹಾಗೆಯೇ ಕಟ್ಟಿಕೊಂಡಿದ್ದಳು. ಕುದುರೆಯೆಂದ ಕೂಡಲೇ ಗಂಡಸರ ಗಂಟಿಗೆ ತಲೆಯೊಡ್ಡಿದ್ದು ಅವಳ ದಡ್ಡತನ, ಅದನ್ನು ಅವಳೇ ಒಪ್ಪಿಕೊಂಡಳು.

ಜೀನಿನ ಮುಂಭಾಗಕ್ಕೆ ಭದ್ರವಾದ ಹಗ್ಗ. ಅದು ಅವಳ ಸೊಂಟಕ್ಕೆ ಒಂದೇ ಸುತ್ತು. ತುದಿ ಸಿಕ್ಕಿಸದೆ ಬಲಗೈಯಲ್ಲೇ. ಎಳೆದು ಹಿಡಿದಷ್ಟು ಹೊತ್ತು ಅವಳು ಜೀನಿಗೆ ಅಂಟಿಕೊಂಡಿರುತ್ತಾಳೆ. ಕೈ ಬಿಟ್ಟರೆ ಹಗ್ಗ ತಾನೇ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆಗೆ ಗೊತ್ತುಮಾಡಿದ ಸೋಮವಾರ ಬೆಳಿಗ್ಗೆ ಕಣದ ತುಂಬ ಜನ. ಸೀರೆಗೆ ಕಚ್ಚೆ ಹಾಕಿ ಕುದುರೆಯೇರಿದ ದೇವೀರಮ್ಮನನ್ನು ಕಂಡು, ಕಾಫಿ ಹರಡುತ್ತಿದ್ದ ಜವರಮ್ಮ ಕೂಗಿದಳು: "ಸೂಲಗಿತ್ತಿಗೇ ಒಬ್ಬ ಸೂಲಗಿತ್ತಿ ಬೇಕಾಗ್ತದೆ ಇವತ್ತು!"

ನಗು ಮುಗಿಯುವ ಮುಂಚೆಯೇ ಯಾರೋ ಕಾಫಿ ಎಳೆಯುವ ಹಲಗೆ ಕೆಡವಿದರು. ಆ ಸದ್ದಿಗೆ ದೂಕ ಬೆನ್ನು ಬಿಲ್ಲು ಮಾಡಿದ. ತಲೆ ತಗ್ಗಿಸಲು ನೋಡಿದ, ಹುರಿ ಬಿಡಲಿಲ್ಲ. ಎಗರಿದ, ಜೀನು ಕದಲಲಿಲ್ಲ. ದೇವೀರಮ್ಮ ಹಗ್ಗದ ತುದಿಯನ್ನು ಎದೆಗೆಳೆದು ಹಿಮ್ಮಡಿ ಕೆಳಗೊತ್ತಿ ಕೂತಳು. ಎರಡನೆಯ ಎಗರು, ಮೂರನೆಯದು. ನಾಲ್ಕನೆಯದರಲ್ಲಿ ದಮ್ಮಿರಲಿಲ್ಲ. ಐದನೆಯದು ಬರಲೇ ಇಲ್ಲ. ಕುದುರೆ ಮೂಗಿನಿಂದ ಉಸಿರು ಬಿಟ್ಟು ನಿಂತಿತು. ಅವಳು ಹಗ್ಗವನ್ನು ಸ್ವಲ್ಪ ಸಡಿಲಿಸಿ, ಗುಡ್ಡದ ದಾರಿಗೆ ತಿರುಗಿಸಿದಳು.

ಒಂದೂವರೆ ಗಂಟೆಯಲ್ಲಿ ಹಿಂತಿರುಗಿದಳು. ಹಿಂದೆಯೇ ಓಡಿಹೋಗಿದ್ದ ಭೂತಯ್ಯ ಏದುಸಿರು ಬಿಡುತ್ತಾ ರೈಟರಿಗೆ ವರದಿ ಒಪ್ಪಿಸಿದ: "ಹಳ್ಳದ ಹತ್ರ ಇನ್ನೊಂದ್ಸಲ ಎಗರ್ತು ಅಯ್ಯ. ಅಕ್ಕ ಬೈದ್ರು. ಅದು ಸುಮ್ಮನಾತು."

ಪರಮೇಶ್ವರಯ್ಯ ಕನ್ನಡಕ ತೆಗೆದು ಒರೆಸಿದರು. "ಕುದುರೆ ನಿಮ್ಮದು ದೇವೀರಮ್ಮ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಅವಳು ಕೂತಲ್ಲಿಂದಲೇ ಕಣದ ಕಡೆ ತಿರುಗಿದಳು. "ಜವರಮ್ಮ, ಮೇಲಿನ ಲೈನಲ್ಲಿ ನಿನ್ನ ಸೊಸೇನ ನೋಡ್ಕೊಂಡು ಬಂದೆ. ಹೆರಿಗೆಗೆ ಇನ್ನು ಹದಿನೈದು ದಿನ ಅದೆ."

ಹದಿಮೂರನೆಯ ದಿನಕ್ಕೇ ಕರೆ ಬಂತು. ನಲವತ್ತು ನಿಮಿಷದಲ್ಲಿ ದೇವೀರಮ್ಮ ಮೇಲಿನ ಲೈನಿನ ಬಾಗಿಲಲ್ಲಿದ್ದಳು. ಮಗು ಕಾಲು ಮುಂದಾಗಿ ಬರುತ್ತಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು. ಒಳಗಿನಿಂದ ಅಳು ಕೇಳಿಬಂದಾಗ, ಅಂಗಳದಲ್ಲಿ ದೂಕನ ಲಗಾಮು ಹಿಡಿದು, ಅದರ ಬಾಯಿಗೆ ಬೆಲ್ಲ ಹಾಕುತ್ತಾ ನಿಂತಿದ್ದವಳು ಜವರಮ್ಮ.