ನೀರಿಗಿಂತ ಮೊದಲು ಕಾಗದ

ಆಸ್ಪತ್ರೆಯ ಓಣಿಯಲ್ಲಿ ಟ್ರಾಲಿಯ ಗಾಲಿ ಕಿರ್ ಎಂದಿತು. ಕತ್ತರಿ ಮಾಮ ಕಿವಿಗೊಟ್ಟು ಕೇಳಿ, ಮತ್ತೆ ತಲೆ ತಗ್ಗಿಸಿದ. ಅವನು ಕಾಯುತ್ತಿದ್ದ ಸದ್ದು ಅದಲ್ಲ. ಊರುಗೋಲಿನ ಟಕ್, ಅದರ ಬೆನ್ನಿಗೇ ಎಳೆದಿಡುವ ಎಡಗಾಲಿನ ಸರ್. ಹದಿನೆಂಟು ವರ್ಷಗಳಿಂದ ಪ್ರತಿ ತಿಂಗಳ ಕೊನೆಯ ಸೋಮವಾರ, ಗಂಟೆ ಹತ್ತಾಗುವುದರೊಳಗೆ ಆ ಸದ್ದು ಓಣಿಯ ತುದಿಯಲ್ಲಿ ಹುಟ್ಟುತ್ತಿತ್ತು. ಇವತ್ತು ಹನ್ನೊಂದೂವರೆಯಾದರೂ ಸುಳಿವಿಲ್ಲ. ಇವತ್ತೇ ಮಾಮನ ಕೆಲಸದ ಕೊನೆಯ ದಿನ.

ತಲೆಯ ಶಸ್ತ್ರಚಿಕಿತ್ಸೆಗೆ ಮೊದಲು ಕೂದಲು ತೆಗೆಯುವುದು ಅವನ ಕೆಲಸ. "ಈ ವಾರ್ಡಿಗೆ ಬಂದೋರೆಲ್ಲ ನನಗೆ ತಲೆಬಾಗಿದೋರೇ. ದೊಡ್ಡ ಡಾಕ್ಟರಿಗೂ ಅಷ್ಟು ಜನ ಬಾಗಿಲ್ಲ" ಎಂದು ಅವನು ಹೇಳಿದರೆ ಮೊದಲು ನಗುತ್ತಿದ್ದವರು ದೊಡ್ಡ ಡಾಕ್ಟರೇ. ಅವರು ಈಗಿಲ್ಲ. ಬೋಳಿಸುವ ಕತ್ತಿಯೂ ಹೋಗಿ ಮೆಷಿನ್ನು ಬಂದಿದೆ. ಆದರೂ ಬೀರುವಿನ ಬಾಗಿಲು ತೆರೆದರೆ ಅದೇ ಹಳೆಯ ಸೋಪಿನ ವಾಸನೆ.

ಆ ಸೋಪೇ ಒಮ್ಮೆ ಅವನ ಮಾನ ಕಳೆದಿತ್ತು.

ಹದಿನೆಂಟು ವರ್ಷದ ಹಿಂದೆ, ಬಲಗಿವಿಯ ಮೇಲೆ ಗುಂಡು ಹೊಕ್ಕಿದ್ದ ಯುವಕನೊಬ್ಬನನ್ನು ತಂದರು. ಅಣ್ಣತಮ್ಮಂದಿರು ಕೋವಿ ಹಿಡಿದು ಹೊಲ ಕಾಯಲು ಹೋಗಿದ್ದರಂತೆ. ತಮ್ಮ ಬದು ದಾಟುವಾಗ ಜಾರಿದ, ಅವನ ಕೈಯ ಕೋವಿಯೇ ಸಿಡಿಯಿತು ಎಂದು ಅಣ್ಣ ಹೇಳುತ್ತಿದ್ದ. ಪೊಲೀಸರು ನಂಬಲಿಲ್ಲ. ದೂರದಿಂದ ಹೊಡೆದವನು ನೀನೇ ಎಂದು ಅವನನ್ನು ಓಣಿಯ ಬೆಂಚಿನ ಮೇಲೆ ಕೂರಿಸಿ ಕಾವಲಿಟ್ಟಿದ್ದರು. ಒಳಗೆ ಮಾಮ ಎಂದಿನಂತೆ ಕೂದಲು ಕತ್ತರಿಸಿ ಬುಟ್ಟಿಗೆ ಹಾಕಿದ. ಗಾಯದ ಸುತ್ತ ಕಪ್ಪು ಕಂಡಿತು. ಶುಚಿಯ ಮನುಷ್ಯ, ಕೊಳೆಯೆಂದುಕೊಂಡು ಸೋಪು ಹಚ್ಚಿ ಫಳಫಳ ಎನ್ನುವಂತೆ ತೊಳೆದುಬಿಟ್ಟ.

ದೊಡ್ಡ ಡಾಕ್ಟರು ಬಂದು ಬಗ್ಗಿ ಗಾಯ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ನೀನು ತಲೆ ತೊಳೀಲಿಲ್ಲ ಕಣಯ್ಯ, ಸಾಕ್ಷಿ ತೊಳೆದೆ."

ಹತ್ತಿರದಿಂದ ಸಿಡಿದ ಗುಂಡು ಮಾತ್ರ ಚರ್ಮಕ್ಕೆ ಮಸಿ ಹಚ್ಚುತ್ತದೆ, ಕೂದಲ ತುದಿ ಸುಡುತ್ತದೆ ಎಂದು ಮಾಮನಿಗೆ ತಿಳಿದದ್ದು ಆಗ. ಒಳಗೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಷ್ಟು ಹೊತ್ತೂ ಅವನು ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಳೆ ಎಳೆ ಆರಿಸಿದ. ಕೊನೆಗೊಂದು ಜೊಂಪೆ ಸಿಕ್ಕಿತು. ತುದಿಗಳು ಸುಟ್ಟು ಮುರುಟಿದ್ದವು, ಮಸಿ ಹಾಗೇ ಇತ್ತು. ಕಾಗದದಲ್ಲಿ ಮಡಚಿ ಪೊಲೀಸರಿಗೆ ಕೊಟ್ಟ. ಪರೀಕ್ಷೆಯಾಗಿ ಬರಲು ಹತ್ತು ದಿನ ಹಿಡಿಯಿತು. ಗುಂಡು ಹತ್ತಿರದಿಂದಲೇ ಸಿಡಿದದ್ದು ಎಂದಾಯಿತು; ಹನ್ನೊಂದನೆಯ ದಿನ ಪೊಲೀಸರು ಬಿಟ್ಟರು, ಅಣ್ಣ ಮನೆಗೆ ಹೋದ. ಅಂದಿನಿಂದ ವಾರ್ಡಿನ ಗೋಡೆಯ ಮೇಲೆ ಮಾಮನ ವಕ್ರ ಅಕ್ಷರದಲ್ಲಿ ಒಂದು ಸಾಲು: ನೀರಿಗಿಂತ ಮೊದಲು ಕಾಗದ.

ತಮ್ಮ ಉಳಿದ. ದೊಡ್ಡ ಡಾಕ್ಟರು ಮೂಳೆಯ ಚೂರುಗಳನ್ನು ತೆಗೆದರು, ಸತ್ತ ಭಾಗವನ್ನು ತೊಳೆದರು, ಮಿದುಳಿನ ಪೊರೆಯನ್ನು ಹೊಲಿದರು. ಆಳಕ್ಕಿಳಿದಿದ್ದ ಒಂದು ಲೋಹದ ಚೂರನ್ನು ಅಲ್ಲೇ ಬಿಟ್ಟರು. ಹುಡುಕಲು ಹೋದ ಕೈಯೇ ಹೆಚ್ಚು ಕೆಡಿಸುತ್ತದೆ ಎನ್ನುತ್ತಿದ್ದರು. ಎಡಗಾಲು ಸೋತಿತು, ಕಿವಿಯ ಮೇಲೆ ಮೂರು ಬೆರಳಗಲ ಮೂಳೆಯಿಲ್ಲದ ಜಾಗ ಉಳಿಯಿತು. ಚರ್ಮದಡಿ ನಾಡಿ ಮಿಡಿಯುವುದು ಕಾಣುತ್ತಿತ್ತು. ಬೇರೆ ಯಾವ ಕ್ಷೌರಿಕನೂ ಆ ತಲೆ ಮುಟ್ಟಲೊಲ್ಲ. ಹಾಗಾಗಿ ತಿಂಗಳಿಗೊಮ್ಮೆ ಅವನು ಇಲ್ಲಿಗೇ ಬರುತ್ತಿದ್ದ. ಜೊತೆಗೆ ಅಣ್ಣ, ಅವನ ಕಿರುಗುಟ್ಟುವ ಚಪ್ಪಲಿ. ಆದರೆ ಆ ಚಪ್ಪಲಿ ಬೆಂಚಿನ ತನಕ ಮಾತ್ರ. ಬಿಡುಗಡೆಯಾದರೂ ಅಣ್ಣ ಆ ತಲೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ, ನೆಟ್ಟಗೆ ನೋಡಿಯೂ ಇರಲಿಲ್ಲ.

ಕಳೆದ ತಿಂಗಳು ಮಾಮ ಬೆಂಚಿನ ಬಳಿ ಹೋಗಿ, "ಬರೋ ಸಲ ಕತ್ತರಿ ನೀವೇ ಹಿಡೀಬೇಕು. ನಾನು ಪಕ್ಕದಲ್ಲೇ ನಿಂತಿರ್ತೀನಿ" ಎಂದಿದ್ದ.

"ನನ್ನ ಕೈ ನಡುಗುತ್ತೆ ಮಾಮ. ಆ ಕೋವಿ ಅವನ ಕೈಗೆ ಕೊಟ್ಟೋನು ನಾನೇ ಅಲ್ವಾ?"

"ನನ್ನ ಕೈಯೂ ನಡುಗಿತ್ತು. ಬುಟ್ಟೀಲಿ ಕೂದಲು ಹುಡುಕೋವಾಗ."

ಅಣ್ಣ ಎದ್ದು ತಮ್ಮನನ್ನು ಕರೆದುಕೊಂಡು ಹೋಗಿದ್ದ. ಅವಸರಪಟ್ಟು ಕೆಡಿಸಿದೆನೇನೋ ಎಂದು ಮಾಮ ತಿಂಗಳೆಲ್ಲ ನೊಂದುಕೊಂಡಿದ್ದ. ಇವತ್ತು ಅವರು ಬರದಿದ್ದರೆ ನಾಳೆಯಿಂದ ಆ ತಲೆಗೆ ಯಾರು ದಿಕ್ಕು?

ವಾರ್ಡಿನ ಸಿಸ್ಟರಮ್ಮ ಬೀರುವಿನ ಬೀಗದ ಕೈ ಇಸಿದುಕೊಳ್ಳಲು ಬಂದಳು. ಮೂರು ಗಂಟೆಗೆ ಎಲ್ಲರೂ ಚಹಾಕ್ಕೆ ಸೇರುತ್ತಾರೆ, ಮಾಮ ಎರಡು ಮಾತಾಡಲೇಬೇಕು ಎಂದಳು.

"ನಾನೇನು ಮಾತಾಡ್ಲಿ? ಇಷ್ಟು ವರ್ಷ ಎಲ್ಲರ ತಲೆ ಸವರಿದ್ದೇ ಬಂತು."

"ಅದನ್ನೇ ಹೇಳಿ, ನಗ್ತಾರೆ. ಆ ಹಳೇ ಕತ್ತರಿ ಏನ್ಮಾಡೋದು? ಎಸೆಯೋ ಸಾಮಾನಿಗೆ ಹಾಕ್ಲಾ?"

"ಬೇಡ ಕಣಮ್ಮ, ಅದು ಒಬ್ಬರಿಗೆ..."

ಟಕ್. ಸರ್. ಓಣಿಯ ತುದಿಯಲ್ಲಿ. ಜೊತೆಗೇ ಚಪ್ಪಲಿಯ ಕಿರುಗು. ಮಾಮ ಬಾಗಿಲತ್ತ ತಿರುಗಿ ಆಲಿಸಿದ. ಬೆಂಚು ಬಂತು. ಚಪ್ಪಲಿ ಒಂದು ಗಳಿಗೆ ನಿಂತಿತು. ಮತ್ತೆ ಕಿರುಗುಟ್ಟಿತು, ಬೆಂಚು ದಾಟಿ, ಇತ್ತ ಕಡೆಗೆ.

"ಒಬ್ಬರಿಗೆ? ಯಾರಿಗೆ ಮಾಮ?" ಸಿಸ್ಟರಮ್ಮ ಕೇಳುತ್ತಲೇ ಇದ್ದಳು. ಮಾಮ ಕತ್ತರಿ ಎತ್ತಿಕೊಂಡು ಆಗಲೇ ಬಾಗಿಲು ದಾಟಿದ್ದ.